45 ದಾಟಿದ ಮೇಲೆ ಹಲ್ಲಿಗೆ ಕ್ಲಿಪ್, ದವಡೆಗೆ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೀಗ 48. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್, ಗಣಿತ ಕಲಿಸುತ್ತೇನೆ. 45ಕ್ಕೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡೆ. 46 ತುಂಬಿದ ಮೇಲೆ ಎರಡೂ ದವಡೆಗೆ ಆಪರೇಷನ್ ಆಯಿತು. ಅವತ್ತಿನಿಂದ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಲೇ ಇದ್ದಾರೆ. ಜಾಸ್ತಿ ಹೆಂಗಸರು, ಎಲ್ಲರೂ 40 ದಾಟಿದವರು. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ನನಗಾದದ್ದು, ನನ್ನ ಡಾಕ್ಟರುಗಳು ಬಿಡಿಸಿ ಹೇಳಿದ್ದು, ನಾನು ಓದಿ ತಿಳಿದದ್ದು, ಇಷ್ಟೇ ಇಲ್ಲಿರುವುದು. ನಿಮ್ಮ ಬಾಯಿ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಕೇಳಿ.

ಈ ವಯಸ್ಸಿನಲ್ಲಿ ಹಲ್ಲು ಸರಿಯುತ್ತಾ?

ಸರಿಯುತ್ತದೆ. ಹಲ್ಲು ಗೋಡೆಗೆ ಹೊಡೆದ ಮೊಳೆ ಹಾಗೆ ಮೂಳೆಯಲ್ಲಿ ಕೂತಿಲ್ಲ. ಬೇರಿಗೂ ಮೂಳೆಗೂ ನಡುವೆ ತೆಳ್ಳಗೆ ನಾರಿನ ಪದರ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತುತ್ತಾ ಹೋದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಹಲ್ಲು ಬಿಟ್ಟುಬಂದ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಈ ಕೆಲಸ 14ರಲ್ಲೂ ನಡೆಯುತ್ತದೆ, 60ರಲ್ಲೂ ನಡೆಯುತ್ತದೆ. ನಮ್ಮ ವಯಸ್ಸಿನವರಲ್ಲಿ ಶುರುವಾಗುವುದು ಸ್ವಲ್ಪ ನಿಧಾನ, ಅಷ್ಟೇ.

ವ್ಯತ್ಯಾಸ ಇರುವುದು ಎರಡು ಕಡೆ. ಒಂದು, ನಮ್ಮ ದವಡೆ ಬೆಳೆಯುವುದು ಯಾವತ್ತೋ ನಿಂತಿದೆ. ಬೆಳೆಯುವ ಮಕ್ಕಳಲ್ಲಿ ದವಡೆ ಬೆಳೆಯುವ ದಾರಿಯನ್ನೇ ಸ್ವಲ್ಪ ತಿರುಗಿಸಬಹುದು. ನಮ್ಮಲ್ಲಿ ಅದಾಗುವುದಿಲ್ಲ. ಮೂಳೆಯದೇ ತೊಂದರೆಯಾಗಿದ್ದರೆ ಆಪರೇಷನ್ ಮಾತು ಬರುವುದು ಅದಕ್ಕೇ. ಇನ್ನೊಂದು ಒಸಡು. ನನ್ನನ್ನು ಕೇಳಿದರೆ, ವಯಸ್ಸು ಎಷ್ಟು ಅನ್ನುವುದಕ್ಕಿಂತ ಒಸಡು ಹೇಗಿದೆ ಅನ್ನುವುದೇ ದೊಡ್ಡ ಪ್ರಶ್ನೆ.

ನನಗೆ ಬರೀ ಕ್ಲಿಪ್ ಸಾಕಾ, ಆಪರೇಷನ್ ಬೇಕಾ? ಹೇಗೆ ಗೊತ್ತಾಗುತ್ತೆ?

ಹಲ್ಲು ಮಾತ್ರ ವಕ್ರ ಇದ್ದು ಎರಡೂ ದವಡೆ ಸರಿಯಾಗಿ ಕೂತಿದ್ದರೆ ಕ್ಲಿಪ್ ಸಾಕು. ದವಡೆಯೇ ಮುಂದೆ, ಹಿಂದೆ, ಇಲ್ಲವೇ ಓರೆಯಾಗಿದ್ದರೆ ಹಲ್ಲನ್ನು ಎಷ್ಟು ಎಳೆದರೂ ಮೇಲಿನದು ಕೆಳಗಿನದಕ್ಕೆ ಸರಿಯಾಗಿ ಕೂರುವುದಿಲ್ಲ.

ನನ್ನದೇ ಹೇಳುತ್ತೇನೆ. ಬಾಯಿ ಪೂರ್ತಿ ಮುಚ್ಚಿದರೂ ಮುಂದಿನ ಹಲ್ಲು ಒಂದಕ್ಕೊಂದು ತಾಗುತ್ತಿರಲಿಲ್ಲ. ನಡುವೆ ಕಿರುಬೆರಳು ತೂರುವಷ್ಟು ಸಂದಿ. ಇದಕ್ಕೆ ಓಪನ್ ಬೈಟ್ ಅನ್ನುತ್ತಾರೆ. ನಮ್ಮೂರಲ್ಲಿ ಸಂಜೆಯಾದರೆ ಮಂಡಕ್ಕಿ ಮಿರ್ಚಿ ಬೇಕೇ ಬೇಕಲ್ವಾ. ನಾನು ಮಿರ್ಚಿ ಕಚ್ಚಿ ಎಳೆದರೆ ಹಿಟ್ಟು ಹರಿಯುತ್ತಿತ್ತು, ಒಳಗಿನ ಮೆಣಸಿನಕಾಯಿ ತುಂಡಾಗದೆ ಇಡಿಯಾಗಿ ಹೊರಗೆ ಬರುತ್ತಿತ್ತು. ಬಾಯಲ್ಲಿ ಕಾಯಿ ನೇತಾಡುತ್ತಿದೆ, ಕೈಯಲ್ಲಿ ಟೊಳ್ಳು ಹಿಟ್ಟು. ಚಿಕ್ಕವಳಿದ್ದಾಗಿನಿಂದ ಎಲ್ಲವನ್ನೂ ಪಕ್ಕದ ಹಲ್ಲಿನಿಂದಲೇ ಕಡಿಯುತ್ತಿದ್ದೆ. ಎಲ್ಲರೂ ಹಾಗೇ ತಿನ್ನುತ್ತಾರೆ ಅಂದುಕೊಂಡಿದ್ದೆ. ಕ್ಲಾಸಿನಲ್ಲಿ ‘ಸಮೀಕರಣ’ ಅನ್ನುವಾಗ ನಾಲಿಗೆ ಆ ಸಂದಿಗೆ ನುಗ್ಗಿ ‘ಥಮೀಕರಣ’ ಅಂತ ಕೇಳುತ್ತಿತ್ತು. ಆ ಪದ ದಿನಕ್ಕೆ ಎಷ್ಟು ಸಲ ಹೇಳಬೇಕು ಅಂತ ಗಣಿತ ಕಲಿಸುವವರಿಗೆ ಗೊತ್ತು.

ಡಾಕ್ಟರ್ ನನಗೆ ಬಾಗಿಲಿನ ಉದಾಹರಣೆ ಕೊಟ್ಟರು. ಹಿಂಜಿನ ಹತ್ತಿರ ಸಣ್ಣ ಕಲ್ಲು ಸಿಕ್ಕಿಕೊಂಡರೆ ಬಾಗಿಲು ಮುಂದುಗಡೆ ಅಗಲಕ್ಕೆ ತೆರೆದೇ ಇರುತ್ತದೆ. ನನ್ನ ಮೇಲ್ದವಡೆಯ ಹಿಂಭಾಗ ಕೆಳಕ್ಕೆ ಇಳಿದಿತ್ತು. ಅದೇ ಆ ಕಲ್ಲು. ಹಿಂದಿನ ದವಡೆ ಹಲ್ಲುಗಳಷ್ಟೇ ತಾಗಿ, ಅಗಿಯುವ ಭಾರ ಎಲ್ಲ ಅವುಗಳ ಮೇಲೇ ಬಿದ್ದು ಸವೆದುಹೋಗಿದ್ದವು. 30 ವರ್ಷ ಹೀಗೇ ತಿಂದಿದ್ದೀನಲ್ಲ, ಈಗೇನು ಅವಸರ ಅಂತ ನಾನು ಕೇಳಿದೆ. ಸವೆದ ಹಲ್ಲನ್ನು ಬೆರಳಿಟ್ಟು ತೋರಿಸಿ, ಇನ್ನು 15 ವರ್ಷ ಇವು ಈ ಭಾರ ಹೊರಬೇಕು ಅಂದರು. ನನ್ನ ಮನಸ್ಸು ತಿರುಗಿದ್ದು ಅಲ್ಲಿ.

ನಿಮಗೆ ಯಾವುದು ಅಂತ ತಿಳಿಯಲು ಅಚ್ಚು, ಫೋಟೊ, ಎಲ್ಲ ಹಲ್ಲೂ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇ, ತಲೆಯ ಪಕ್ಕದಿಂದ ತೆಗೆಯುವ ಎಕ್ಸ್‌ರೇ ಬೇಕು. ಕೆಲವರಿಗೆ ಸ್ಕ್ಯಾನ್ ಕೂಡ ಬೇಕಾಗುತ್ತದೆ. ಕನ್ನಡಿ ನೋಡಿಕೊಂಡು ನಾವೇ ತೀರ್ಮಾನ ಮಾಡುವ ವಿಷಯ ಅಲ್ಲ.

ಆಪರೇಷನ್ ಬೇಡ, ಕ್ಲಿಪ್ಪಲ್ಲೇ ಮುಗಿಸಿ ಅಂದ್ರೆ ಆಗಲ್ವಾ?

ತೊಂದರೆ ಕಡಿಮೆ ಇದ್ದರೆ ಆಗುತ್ತದೆ. ಒಂದೆರಡು ಹಲ್ಲು ಕಿತ್ತು ಜಾಗ ಮಾಡಿ ದವಡೆಯ ಓರೆ ಕಾಣದಂತೆ ಹೊಂದಿಸುತ್ತಾರೆ. ಮೂಳೆಗೆ ಸಣ್ಣ ಸ್ಕ್ರೂ ಹಾಕಿ ಅದನ್ನೇ ಆಸರೆ ಮಾಡಿಕೊಂಡು ಹಿಂದಿನ ಹಲ್ಲನ್ನು ಮೇಲಕ್ಕೆ ಒತ್ತುವುದೂ ಇದೆ. ಮೂಳೆ ಹಾಗೇ ಉಳಿಯುತ್ತದೆ, ಹಲ್ಲು ಮಾತ್ರ ಒಗ್ಗಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ತೊಂದರೆ ದೊಡ್ಡದಿದ್ದಾಗ ಹೀಗೆ ಎಳೆದರೆ ಹಲ್ಲು ಮೂಳೆಯ ಅಂಚಿಗೆ ಬಂದು ಒಸಡು ಇಳಿಯುತ್ತದೆ. ಕೆಲವು ವರ್ಷದಲ್ಲಿ ಸಂದಿ ಮತ್ತೆ ತೆರೆದುಕೊಳ್ಳುವ ಸಾಧ್ಯತೆಯೂ ಜಾಸ್ತಿ.

ಇಲ್ಲಿ ನನ್ನ ಒಂದು ನೋವು ಹೇಳಬೇಕು. ಮೊದಲು ನಾನು ಹೋದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಇಲ್ಲ, ಒಸಡು ನೋಡಲಿಲ್ಲ. ಮುಂದಿನ ಆರು ಹಲ್ಲು ಉಜ್ಜಿ ಸವೆಸಿ ಉದ್ದನೆಯ ಕ್ಯಾಪ್ ಕೂರಿಸಿದರೆ ಸಂದಿ ಮುಚ್ಚುತ್ತದೆ, ಮೂರು ವಾರದಲ್ಲಿ ಮುಗಿಯುತ್ತದೆ ಅಂದರು. ನಾನು ಅಡ್ವಾನ್ಸ್ ಕೂಡ ಕೊಟ್ಟು ಬಂದಿದ್ದೆ. ಮನೆಗೆ ಬಂದು ಯೋಚಿಸಿದೆ. ಆರು ಗಟ್ಟಿ ಹಲ್ಲು, ಒಂದರಲ್ಲೂ ಹುಳುಕಿಲ್ಲ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ವಾಪಸ್ ಹೋಗಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ದಯವಿಟ್ಟು, ಮೊದಲ ದಿನವೇ ಯಾವುದಕ್ಕೂ ಹೂಂ ಅನ್ನಬೇಡಿ. ಆಪರೇಷನ್ ಇರುವ ಪ್ಲಾನ್ ಒಂದು, ಇಲ್ಲದ ಪ್ಲಾನ್ ಒಂದು, ಎರಡನ್ನೂ ಬರೆಸಿಕೊಂಡು ಮನೆಗೆ ಬನ್ನಿ.

ಯಾವ ಡಾಕ್ಟರ್ ಹತ್ರ ಹೋಗ್ಬೇಕು? ಬೆಂಗಳೂರಿಗೇ ಹೋಗ್ಬೇಕಾ?

ಇಬ್ಬರು ಬೇಕು. ಕ್ಲಿಪ್ ಹಾಕುವವರು ಆರ್ಥೊಡಾಂಟಿಸ್ಟ್. ದವಡೆ ಆಪರೇಷನ್ ಮಾಡುವವರು ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್. ಇಬ್ಬರೂ ಬಿಡಿಎಸ್ ಆದ ಮೇಲೆ 3 ವರ್ಷ ಎಂಡಿಎಸ್ ಓದಿದವರು. ಕ್ಲಿಪ್ ಹಾಕುವ ಮೊದಲೇ ಇಬ್ಬರೂ ಕೂತು ಒಂದೇ ಪ್ಲಾನ್ ಮಾಡಬೇಕು. ಇದು ಬಹಳ ಮುಖ್ಯ. ಆಪರೇಷನ್ನಿಗೆ ತಯಾರು ಮಾಡಲು ಹಲ್ಲನ್ನು ಸರಿಸುವ ದಿಕ್ಕು, ಆಪರೇಷನ್ ಇಲ್ಲದೆ ಮುಗಿಸಲು ಸರಿಸುವ ದಿಕ್ಕಿಗೆ ಎಷ್ಟೋ ಸಲ ಪೂರ್ತಿ ಉಲ್ಟಾ ಇರುತ್ತದೆ. ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದರೆ ಬಂದ ದಾರಿಯಲ್ಲೇ ಹಿಂದೆ ಹೋಗಬೇಕು.

ಊರಿನ ಮಟ್ಟಿಗೆ ನಾವು ಪುಣ್ಯವಂತರು. ದಾವಣಗೆರೆಯಲ್ಲಿ 1979ರಲ್ಲಿ ಶುರುವಾದ ಬಾಪೂಜಿ ಡೆಂಟಲ್ ಕಾಲೇಜು ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇದೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜು ಇದೆ. ಡೆಂಟಲ್ ಕಾಲೇಜಿನಲ್ಲಿ ಕ್ಲಿಪ್ ವಿಭಾಗ, ಒಸಡಿನ ವಿಭಾಗ, ಸರ್ಜರಿ ವಿಭಾಗ ಒಂದೇ ಕಾಂಪೌಂಡಿನಲ್ಲಿ ಇರುತ್ತವೆ. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ಕ್ಲಿಪ್ಪಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ತೋರಿಸಬೇಕು, ಅದೂ ಎರಡು ವರ್ಷ. ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡು, ಕಿತ್ತುಬಂದರೆ ನಡುವೆ ಮತ್ತೊಂದು ಸಲ. ಎರಡನೇ ಅಭಿಪ್ರಾಯಕ್ಕೆ ಒಮ್ಮೆ ಬೆಂಗಳೂರಿಗೆ ಹೋಗಿ ಬನ್ನಿ, ನಾನೂ ಹೋಗಿದ್ದೆ. ಪ್ರತಿ ತಿಂಗಳ ಓಡಾಟ ಹತ್ತಿರದಲ್ಲೇ ಇರಲಿ.

ಕಾಲೇಜಿನಲ್ಲಿ ಒಂದು ವಿಷಯ ವಿಚಾರಿಸಿ. ನಿಮ್ಮನ್ನು ನೋಡುವುದು ಪಿಜಿ ಓದುವ ಡಾಕ್ಟರ್, ಮೇಲೆ ಪ್ರೊಫೆಸರ್ ಇರುತ್ತಾರೆ. ಆ ಪಿಜಿ ಕೊನೇ ವರ್ಷದಲ್ಲಿದ್ದರೆ ನಿಮ್ಮ ಚಿಕಿತ್ಸೆ ಮುಗಿಯುವ ಮೊದಲೇ ಅವರ ಓದು ಮುಗಿಯುತ್ತದೆ, ಕೇಸು ಇನ್ನೊಬ್ಬರ ಕೈಗೆ ಹೋಗುತ್ತದೆ. ‘ಯಾವ ವರ್ಷದಲ್ಲಿದ್ದೀರಿ ಮೇಡಂ?’ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಸಡು, ಒಸಡು ಅಂತ ಯಾಕೆ ಅಷ್ಟು ಹೇಳ್ತೀರಿ?

ಒಸಡಿನ ಕಾಯಿಲೆ ಇದ್ದಾಗಲೇ ಹಲ್ಲನ್ನು ಎಳೆದರೆ, ಹಲ್ಲು ಹಿಡಿದಿರುವ ಮೂಳೆ ಇನ್ನೂ ಬೇಗ ಹೋಗುತ್ತದೆ. ಹಲ್ಲುಜ್ಜುವಾಗ ರಕ್ತ, ಬೆಳಿಗ್ಗೆ ಬಾಯಿ ವಾಸನೆ, ಹಲ್ಲಿನ ನಡುವೆ ಹೊಸದಾಗಿ ಸಂದಿ, ಅಲುಗಾಡುವುದು, ಇವೇ ಗುರುತು. ಮೊದಲು ಆಳವಾಗಿ ಕ್ಲೀನ್ ಮಾಡಿಸಿ, ಕೆಲವು ತಿಂಗಳು ಒಸಡು ಗಟ್ಟಿಯಾಗಿ ನಿಂತಿದ್ದು ನೋಡಿ, ಆಮೇಲೆ ಕ್ಲಿಪ್. ನನಗೆ ಇದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಮೂಳೆ ಸ್ವಲ್ಪ ಹೋಗಿದ್ದರೂ ಕಾಯಿಲೆ ಹತೋಟಿಗೆ ಬಂದಿದ್ದರೆ ಕ್ಲಿಪ್ ಹಾಕಬಹುದು. ಕ್ಲಿಪ್ ಇರುವಷ್ಟು ದಿನ ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸುತ್ತಿರಿ.

ನಮ್ಮ ಸ್ಕೂಲಿನ 52ರ ಟೀಚರ್ ಒಬ್ಬರು ಉಬ್ಬುಹಲ್ಲು ಸರಿ ಮಾಡಿಸಿಕೊಳ್ಳಲು ನನ್ನ ಜೊತೆ ಬಂದರು. ಎಕ್ಸ್‌ರೇಯಲ್ಲಿ ಮುಂದಿನ ನಾಲ್ಕು ಹಲ್ಲಿನ ಬೇರು ಅರ್ಧಕ್ಕಿಂತ ಜಾಸ್ತಿ ಮೂಳೆಯಿಂದ ಹೊರಗೆ ಕಾಣುತ್ತಿತ್ತು. ಕ್ಲಿಪ್ ಬೇಡ, ಮೊದಲು ಇರುವ ಹಲ್ಲು ಉಳಿಸಿಕೊಳ್ಳೋಣ ಅಂದರು ಡಾಕ್ಟರ್. ಅವರು ಒಸಡಿನ ಚಿಕಿತ್ಸೆ ಮಾತ್ರ ಮಾಡಿಸಿಕೊಂಡರು. ಅವರ ತೀರ್ಮಾನ ನನ್ನ ತೀರ್ಮಾನದಷ್ಟೇ ಸರಿ.

ಶುಗರ್, ಮೂಳೆ ಮಾತ್ರೆ ಇದ್ರೆ?

ಶುಗರ್ ಹತೋಟಿಯಲ್ಲಿದ್ದರೆ ಅಡ್ಡಿ ಇಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಕೇಳುತ್ತಾರೆ. ಅದು ಜಾಸ್ತಿ ಇದ್ದರೆ ಗಾಯ ಬೇಗ ಮಾಯುವುದಿಲ್ಲ, ಸೋಂಕು ಬೇಗ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ.

ಮುಟ್ಟು ನಿಂತ ಹೆಂಗಸರು ಇದನ್ನು ಗಮನಿಸಿ ಓದಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಇಲ್ಲವೇ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟಿದ್ದರೆ ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು. ಅದು ಮೂಳೆ ಕರಗುವುದನ್ನೇ ತಡೆಯುವ ಔಷಧಿ. ಹಲ್ಲು ಸರಿಯುವುದು ನಿಧಾನವಾಗುತ್ತದೆ, ಕೆಲವರಿಗೆ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯವೂ ಇದೆ. ಎಷ್ಟೋ ಜನ ‘ಅದು ಮಂಡಿ ನೋವಿನ ಇಂಜೆಕ್ಷನ್, ಹಲ್ಲಿಗೇನು ಸಂಬಂಧ’ ಅಂತ ಹೇಳದೇ ಬಿಡುತ್ತಾರೆ.

ಅಡಿಕೆ, ಗುಟ್ಕಾ ಅಭ್ಯಾಸ ಇದೆ. ತೊಂದ್ರೆನಾ?

ಹೌದು. ಚನ್ನಗಿರಿ ಕಡೆ ಅಡಿಕೆ ಊಟದಷ್ಟೇ ಸಹಜ, ಗೊತ್ತು. ಆದರೆ ಅಡಿಕೆ ಅಗಿಯುತ್ತಾ ಹೋದರೆ ಕೆನ್ನೆಯ ಒಳಭಾಗ ಬಿಗಿದು ನಾರಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಹೋಗುತ್ತದಾ ನೋಡಿ. ಹೋಗದಿದ್ದರೆ ಕ್ಲಿಪ್ ವಿಷಯ ಆಮೇಲೆ, ಮೊದಲು ಅದನ್ನೇ ತೋರಿಸಿ. ಅದು ಕ್ಯಾನ್ಸರಿಗೆ ತಿರುಗಬಹುದಾದ ಕಾಯಿಲೆ. ಬೀಡಿ ಸಿಗರೇಟೂ ಬಿಡಬೇಕು, ಆಪರೇಷನ್ ಮುಗಿದ ಮೇಲಲ್ಲ, ಮೊದಲೇ.

ಹಲ್ಲಿನ ಮೇಲೆ ಕಂದು ಕಲೆ ಇದೆ, ಕ್ಯಾಪ್ ಇದೆ, ಕಿತ್ತ ಹಲ್ಲೂ ಇದೆ. ಕ್ಲಿಪ್ ನಿಲ್ಲುತ್ತಾ?

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಈ ಕಲೆ ಚೆನ್ನಾಗಿ ಗೊತ್ತು. ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬ್ರಾಕೆಟ್ ಅಂಟಿಸುವ ಮೊದಲು ಹಲ್ಲಿಗೆ ಆಸಿಡ್ ಹಚ್ಚಿ ಮೇಲ್ಪದರ ತರಿ ಮಾಡುತ್ತಾರೆ. ಫ್ಲೋರೈಡ್ ಹಿಡಿದ ಹಲ್ಲಿಗೆ ಆಸಿಡ್ ಬೇಗ ಹತ್ತುವುದಿಲ್ಲ, ಹಾಗಾಗಿ ಬ್ರಾಕೆಟ್ ಪದೇ ಪದೇ ಉದುರುತ್ತದೆ. ಜಾಸ್ತಿ ಹೊತ್ತು ಆಸಿಡ್ ಇಟ್ಟು, ಮೇಲೆ ಸ್ವಲ್ಪ ಉಜ್ಜಿ ಅಂಟಿಸುತ್ತಾರೆ. ಕ್ಯಾಪ್ ಮೇಲೆ ಅಂಟಿಸಲು ಬೇರೆ ವಿಧಾನ ಇದೆ. ಕಿತ್ತ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಬೇಕು ಅಂತಿದ್ದರೆ ಕ್ಲಿಪ್ ಮುಗಿಯುವವರೆಗೆ ತಡೆಯಿರಿ. ಇಂಪ್ಲಾಂಟ್ ಮೂಳೆಗೆ ಅಂಟಿ ಕೂರುತ್ತದೆ, ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ.

ಒಟ್ಟು ಎಷ್ಟು ದಿನ?

ಆಪರೇಷನ್ ಮೊದಲು ಕ್ಲಿಪ್ ಸಾಮಾನ್ಯವಾಗಿ 12ರಿಂದ 18 ತಿಂಗಳು. ಆದ ಮೇಲೆ 6ರಿಂದ 12 ತಿಂಗಳು. ನನಗೆ ಮೊದಲು 17, ಆಮೇಲೆ 8. ಬುದ್ಧಿಹಲ್ಲು ಕೀಳಬೇಕಿದ್ದರೆ ಆಪರೇಷನ್ನಿಗೆ ಆರು ತಿಂಗಳು ಮೊದಲೇ ಕಿತ್ತು ಮೂಳೆ ತುಂಬಲು ಬಿಡುತ್ತಾರೆ.

ಲೋಹದ ಕ್ಲಿಪ್ಪಾ, ಬಿಳಿಯದ್ದಾ?

ಆಪರೇಷನ್ ಇರುವವರಿಗೆ ಲೋಹದ್ದೇ ಗಟ್ಟಿ. ಆಪರೇಷನ್ ಹೊತ್ತಿನಲ್ಲಿ ದವಡೆಗಳನ್ನು ಅದಕ್ಕೇ ಕಟ್ಟುತ್ತಾರೆ. ಬಿಳಿ ಸೆರಾಮಿಕ್ ಚೆನ್ನಾಗಿ ಕಾಣುತ್ತದೆ, ಆದರೆ ಬೇಗ ಒಡೆಯುತ್ತದೆ. ತಂತಿಯನ್ನು ಬ್ರಾಕೆಟ್ಟಿಗೆ ಹಿಡಿಸಲು ಬಣ್ಣವಿಲ್ಲದ ರಬ್ಬರ್ ಉಂಗುರ ಹಾಕಿಸಬೇಡಿ. ಒಂದು ಊಟದ ಸಾರಿನಲ್ಲೇ ಅರಿಸಿನ ಹಿಡಿದು ಹಳದಿಯಾಗುತ್ತದೆ. ಬೂದು ಬಣ್ಣ ಕೇಳಿ.

ಕ್ಲಿಪ್ ಇದ್ದಾಗ ಏನು ತಿನ್ನೋದು?

ತಂತಿ ಬಿಗಿ ಮಾಡಿದ ಮೂರು ದಿನ ಅನ್ನ ಅಗಿದರೂ ನೋವು. ಆಗ ಮುದ್ದೆಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಅಗಿಯುವ ಕೆಲಸವೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಬೆಣ್ಣೆ ದೋಸೆಯೂ ನಡೆಯುತ್ತದೆ, ಗರಿಗರಿ ಅಂಚು ಬಿಟ್ಟು. ಕಟಕ್ ರೊಟ್ಟಿ, ಚಕ್ಕುಲಿ, ಕಬ್ಬು, ಮೂಳೆ ಕಡಿಯುವುದು ಬೇಡ. ನಮ್ಮನೆಯಲ್ಲಿ ದುಗ್ಗಮ್ಮನ ಜಾತ್ರೆ ಊಟಕ್ಕೆ ನೆಂಟರೆಲ್ಲ ಬಂದಿದ್ದಾಗ ನಾನು ಮಾಂಸ ಬಿಡಿಸಿಕೊಂಡು ಸಣ್ಣಗೆ ಮಾಡಿ ತಿಂದೆ. ಮಂಡಕ್ಕಿ ಮೆತ್ತಗಿದ್ದರೂ ತಂತಿಯ ಕೆಳಗೆ ಹೋಗಿ ಹೊರಗೆ ಬರುವುದೇ ಇಲ್ಲ. ಹಲ್ಲಿನ ಸಂದಿಯ ಸಣ್ಣ ಬ್ರಷ್ ಸಿಗುತ್ತದೆ, ಪರ್ಸಿನಲ್ಲಿ ಇಟ್ಟುಕೊಳ್ಳಿ.

ಆಪರೇಷನ್ ಮೊದಲು ಮುಖ ಇನ್ನೂ ಕೆಟ್ಟದಾಗಿ ಕಾಣುತ್ತೆ ಅಂತಾರೆ, ನಿಜವಾ?

ಎಷ್ಟೋ ಜನರಿಗೆ ನಿಜ. ದವಡೆ ಸರಿಯಿಲ್ಲದಾಗ ಹಲ್ಲು ತಾನೇ ವಾಲಿಕೊಂಡು ಹೇಗೋ ಹೊಂದಿಕೊಂಡಿರುತ್ತದೆ. ಕ್ಲಿಪ್ ಆ ವಾಲಿಕೆ ತೆಗೆಯುತ್ತದೆ, ಆಗ ಮೂಳೆಯ ನಿಜವಾದ ಓರೆ ಎದ್ದು ಕಾಣುತ್ತದೆ. ನನ್ನ ಸಂದಿ ಇನ್ನಷ್ಟು ದೊಡ್ಡದಾಯಿತು. ಮೊದಲೇ ಹೇಳಿದ್ದರಿಂದ ಸಹಿಸಿಕೊಂಡೆ. ಇಲ್ಲದಿದ್ದರೆ ಹೆದರಿ ಎಲ್ಲ ಕಿತ್ತುಹಾಕಿಸುತ್ತಿದ್ದೆ.

ಆಪರೇಷನ್‌ನಲ್ಲಿ ಏನು ಮಾಡ್ತಾರೆ? ಮುಖ ಕೊಯ್ತಾರಾ?

ಇಲ್ಲ. ಕೊಯ್ಯುವುದೆಲ್ಲ ಹೆಚ್ಚಾಗಿ ಬಾಯಿಯ ಒಳಗೆ. ಪೂರ್ತಿ ಪ್ರಜ್ಞೆ ತಪ್ಪಿಸಿ, ಉಸಿರಿನ ಕೊಳವೆ ಮೂಗಿನಿಂದ ಹಾಕುತ್ತಾರೆ. ಮೇಲ್ದವಡೆಯನ್ನು ಹಲ್ಲಿನ ಬೇರುಗಳ ಮೇಲೆ ಅಡ್ಡಕ್ಕೆ ಬಿಡಿಸುತ್ತಾರೆ. ನನಗೆ ಹಿಂಭಾಗದಲ್ಲಿ ತೆಳ್ಳಗೆ ಮೂಳೆ ತೆಗೆದು ಮೇಲಕ್ಕೆ ಎತ್ತಿ ಕೂರಿಸಿದರು, ಬಾಗಿಲಿನ ಕಲ್ಲು ತೆಗೆದ ಹಾಗೆ. ಕೆಳದವಡೆಯನ್ನು ಎರಡೂ ಕಡೆ, ಹಿಂದೆ, ಉದ್ದಕ್ಕೆ ಎರಡು ಪದರವಾಗಿ ಸೀಳಿ ಜಾರಿಸುತ್ತಾರೆ. ಪದರ ಒಂದರ ಮೇಲೊಂದು ಕೂತಿರುವುದರಿಂದ ಜಾರಿಸಿದ ಮೇಲೂ ಮೂಳೆ ಮೂಳೆಗೆ ತಾಗಿಯೇ ಇರುತ್ತದೆ, ಬೇಗ ಕೂಡುತ್ತದೆ. ಈ ವಿಧಾನವನ್ನು ಟ್ರಾವ್ನರ್ ಮತ್ತು ಒಬ್ವೆಗೇಸರ್ ಅನ್ನುವ ಸರ್ಜನ್‌ಗಳು 1957ರಲ್ಲಿ ಬರೆದು ತಿಳಿಸಿದರು, ಅಂದರೆ ನಾನು ಹುಟ್ಟುವುದಕ್ಕಿಂತ ಹಳೆಯದು. ಆಮೇಲೆ ಟೈಟಾನಿಯಂ ಪ್ಲೇಟು, ಸ್ಕ್ರೂ. ಅವು ಸಾಮಾನ್ಯವಾಗಿ ಒಳಗೇ ಇರುತ್ತವೆ.

ಮೊದಲ ಆರು ವಾರ ಹೇಗಿರುತ್ತೆ?

ಕಷ್ಟ. ಮುಚ್ಚಿಡುವುದಿಲ್ಲ. ನೋವಿಗಿಂತ ಊತ ಜಾಸ್ತಿ ಕಾಡುತ್ತದೆ. ಎರಡು ಮೂರನೇ ದಿನ ಊತ ಮೇಲಕ್ಕೇರಿ ಕಣ್ಣೇ ಸಣ್ಣದಾಗಿತ್ತು. ಮೂಗು ಕಟ್ಟಿ, ರಕ್ತ ಬೆರೆತ ಸಿಂಬಳ. ಮೂಗು ಜೋರಾಗಿ ಸೀಟುವ ಹಾಗಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ತಲೆ ಎತ್ತರಕ್ಕೆ ಇಟ್ಟು ಮಲಗಬೇಕು. ಹಲ್ಲುಗಳನ್ನು ರಬ್ಬರ್‌ನಿಂದ ಹಿಡಿದಿರುತ್ತಾರೆ. ವಾಂತಿ ಬಂದರೆ ಕತ್ತರಿಸಲು ಒಂದು ಸಣ್ಣ ಕತ್ತರಿ ತಲೆದಿಂಬಿನ ಹತ್ತಿರ ಇರಲಿ. ಮಾತು ಬಾರದೆ ಮಗನ ಹಳೇ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ.

ಊಟ ಅಂದರೆ ಸಿರಿಂಜು. ಸೂಜಿ ತೆಗೆದು ತುದಿಗೆ ಸಣ್ಣ ರಬ್ಬರ್ ಟ್ಯೂಬ್ ಹಾಕಿ, ಕೆನ್ನೆಯ ಪಕ್ಕದಿಂದ ಹಿಂದಕ್ಕೆ ಬಿಡಬೇಕು. ನಮ್ಮ ಅತ್ತೆ ರಾಗಿ ಗಂಜಿಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಿದ್ದರು. ಒಂದು ಸಣ್ಣ ತರಿ ಇದ್ದರೂ ಟ್ಯೂಬ್ ಕಟ್ಟಿಕೊಳ್ಳುತ್ತಿತ್ತು. ಒಂದು ಲೋಟ ಗಂಜಿ ಒಳಗೆ ಹೋಗಲು 40 ನಿಮಿಷ. ಮಜ್ಜಿಗೆ, ಬೇಳೆ ಕಟ್ಟು, ಎಳನೀರು, ಹಾಲಿಗೆ ಪ್ರೋಟೀನ್ ಪುಡಿ. ಆರು ಕೆಜಿ ಇಳಿದೆ. ಮೂರನೇ ವಾರಕ್ಕೆ ಕಿವುಚಿದ ಅನ್ನ ಮಜ್ಜಿಗೆ. ಆರು ವಾರದವರೆಗೂ ಅಗಿಯುವ ಹಾಗಿಲ್ಲ, ಮೂಳೆ ಅಷ್ಟರೊಳಗೆ ಗಟ್ಟಿಯಾಗಿರುವುದಿಲ್ಲ. ಆಮೇಲೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ದಿನಕ್ಕೊಂದು ಜಾಸ್ತಿ ಮಾಡುತ್ತಾ ಬಾಯಿ ತೆರೆಯುವ ವ್ಯಾಯಾಮ.

ಐದನೇ ದಿನ ನಾನು ಸುಮ್ನೆ ಗೋಡೆ ಕಡೆ ತಿರುಗಿ ಅತ್ತಿದ್ದೇನೆ. ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸಿತು. ಬಹಳ ಜನಕ್ಕೆ ಮೊದಲ ಎರಡು ವಾರ ಹೀಗೆ ಮನಸ್ಸು ಕುಗ್ಗುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ಹಗಲು ರಾತ್ರಿ ಜೊತೆಗಿರಲು ಕನಿಷ್ಠ ಎರಡು ವಾರ ಒಬ್ಬರು ಬೇಕೇ ಬೇಕು. ಆ ಒಬ್ಬರು ಇಲ್ಲದಿದ್ದರೆ ತಾರೀಖು ಮುಂದೆ ಹಾಕಿ.

ತುಟಿ ಮರಗಟ್ಟುತ್ತೆ ಅಂತಾರೆ. ವಾಪಸ್ ಬರುತ್ತಾ?

ನಮ್ಮ ವಯಸ್ಸಿನವರು ಹೂಂ ಅನ್ನುವ ಮೊದಲು ಇದೊಂದನ್ನು ಚೆನ್ನಾಗಿ ಯೋಚಿಸಬೇಕು. ಕೆಳದವಡೆಯ ಮೂಳೆಯೊಳಗೇ ಒಂದು ನರ ಓಡುತ್ತದೆ, ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವುದು ಅದೇ. ಮೂಳೆ ಸೀಳುವಾಗ ಆ ನರ ಎಳೆದಂತಾಗುತ್ತದೆ. ಹೆಚ್ಚುಕಡಿಮೆ ಎಲ್ಲರಿಗೂ ಮೊದಲು ಮರಗಟ್ಟುತ್ತದೆ. ಕೆಲವು ವಾರದಿಂದ ಒಂದು ವರ್ಷದೊಳಗೆ ಬಹಳಷ್ಟು ಜನಕ್ಕೆ ವಾಪಸ್ ಬರುತ್ತದೆ. ಆದರೆ 40 ದಾಟಿದವರಲ್ಲಿ ಸ್ವಲ್ಪ ಜಾಗ ಶಾಶ್ವತವಾಗಿ ಮರಗಟ್ಟಿ ಉಳಿಯುವ ಸಾಧ್ಯತೆ ಚಿಕ್ಕ ವಯಸ್ಸಿನವರಿಗಿಂತ ಜಾಸ್ತಿ. ಹೋಗುವುದು ಸ್ಪರ್ಶ ಮಾತ್ರ, ತುಟಿ ಅಲ್ಲಾಡುವುದಕ್ಕೆ ತೊಂದರೆ ಇಲ್ಲ.

ನನಗೆ ಎಡಗಡೆ ಐದು ತಿಂಗಳಿಗೆ ಬಂತು. ಮೊದಲು ಇರುವೆ ಹರಿದ ಹಾಗೆ, ಆಮೇಲೆ ಸಣ್ಣ ಶಾಕ್ ಹೊಡೆದ ಹಾಗೆ, ಆಮೇಲೆ ಸರಿ. ಬಲಗಡೆ ಗದ್ದದ ಮೇಲೆ ಐದು ರೂಪಾಯಿ ನಾಣ್ಯದಷ್ಟು ಜಾಗ ಇವತ್ತಿಗೂ ಮರಗಟ್ಟಿದೆ. ಚಹಾ ಹನಿ ಇಳಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಕುಡಿದ ಮೇಲೆ ಕರ್ಚೀಫಿನಿಂದ ಒಮ್ಮೆ ಒರೆಸಿಕೊಳ್ಳುವುದು ಅಭ್ಯಾಸ ಆಗಿದೆ. ನಾನು ಅದರ ಜೊತೆ ಬದುಕಬಲ್ಲೆ. ನೀವು ಬದುಕಬಲ್ಲಿರಾ ಅಂತ ನೀವೇ ಕೇಳಿಕೊಳ್ಳಬೇಕು. ಕೊಳಲು ನುಡಿಸುವವರ ಉತ್ತರ ನನ್ನದಕ್ಕಿಂತ ಬೇರೆ ಇರಬಹುದು.

ಬೇರೆ ಅಪಾಯ?

ಸೋಂಕು, ರಕ್ತಸ್ರಾವ, ಪ್ಲೇಟು ಸಡಿಲವಾಗಿ ತೆಗೆಯಬೇಕಾಗುವುದು, ದವಡೆ ಸ್ವಲ್ಪ ಹಿಂದಿನ ಜಾಗಕ್ಕೇ ಜಾರುವುದು. ಕ್ಲಿಪ್ಪಿನಿಂದ ಹಲ್ಲಿನ ಬೇರು ಸ್ವಲ್ಪ ಗಿಡ್ಡವಾಗಬಹುದು. ಹಲ್ಲುಗಳ ನಡುವೆ ಒಸಡಿನ ಹತ್ತಿರ ಸಣ್ಣ ಕಪ್ಪು ತ್ರಿಕೋನ ಕಾಣಬಹುದು, ನಮ್ಮ ವಯಸ್ಸಿಗೆ ಇದು ಜಾಸ್ತಿ. ಪ್ರತಿಯೊಂದನ್ನೂ ಸರ್ಜನ್ ಬಾಯಿಂದಲೇ ಕೇಳಿ.

ದವಡೆ ಕೀಲಿನ ನೋವು, ಗೊರಕೆ ಹೋಗುತ್ತಾ?

ಕಿವಿಯ ಮುಂದಿನ ಕೀಲಿನ ನೋವಿಗಾಗಿ ಮಾತ್ರ ಆಪರೇಷನ್ ಮಾಡಿಸಿಕೊಳ್ಳಬೇಡಿ. ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಹಾಗೇ ಇರುತ್ತದೆ, ಕೆಲವರಿಗೆ ಹೊಸದಾಗಿ ಬರುತ್ತದೆ. ಗೊರಕೆಯ ವಿಷಯ ಬೇರೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ ಎರಡೂ ದವಡೆ ಮುಂದಕ್ಕೆ ತರುವುದು ಒಂದು ಚಿಕಿತ್ಸೆಯೇ ಹೌದು. ಕೆಳದವಡೆಯನ್ನು ಹಿಂದಕ್ಕೆ ತಳ್ಳಿದರೆ ಉಸಿರಿನ ದಾರಿ ಕಿರಿದಾಗಬಹುದು. ಜೋರು ಗೊರಕೆ ಇದ್ದರೆ ಪ್ಲಾನ್ ಮಾಡುವ ಮೊದಲೇ ಹೇಳಿ, ನಿದ್ದೆಯ ಪರೀಕ್ಷೆ ಮಾಡಿಸಿ.

ಖರ್ಚು ಎಷ್ಟು? ಇನ್ಶೂರೆನ್ಸ್ ಬರುತ್ತಾ?

ಒಂದೇ ಮೊತ್ತ ಕೇಳಬೇಡಿ, ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಕ್ಲಿಪ್, ಎಕ್ಸ್‌ರೇ ಮತ್ತು ಸ್ಕ್ಯಾನ್, ಸರ್ಜನ್, ಅನಸ್ತೇಶಿಯಾ, ರೂಮು, ಪ್ಲೇಟು ಸ್ಕ್ರೂ, ಕೊನೆಗೆ ರಿಟೈನರ್ (ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಾಕಿಕೊಳ್ಳುವುದು). ಪ್ಲೇಟಿನ ಬಿಲ್ ಬೇರೆ ಬರುವುದು ಸಾಮಾನ್ಯ. ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆಯಾಗುತ್ತದೆ.

ಹೆಲ್ತ್ ಪಾಲಿಸಿಗಳು ಸಾಮಾನ್ಯವಾಗಿ ಕ್ಲಿಪ್ಪಿಗೆ ಕೊಡುವುದಿಲ್ಲ. ಚೆಂದಕ್ಕಾಗಿ ಮಾಡುವ ಸರ್ಜರಿಗೂ ಇಲ್ಲ. ಆರೋಗ್ಯಕ್ಕೆ ಅಗತ್ಯ ಅಂತ ಡಾಕ್ಟರ್ ಬರೆದುಕೊಟ್ಟರೆ ಆಪರೇಷನ್ ಭಾಗಕ್ಕೆ ಕೇಳಲು ದಾರಿ ಇದೆ. ಪತ್ರದಲ್ಲಿ ಅಗಿಯಲು ಆಗದಿರುವುದು, ಹಲ್ಲು ಸವೆತ, ಅಳತೆಗಳು ಇರಬೇಕು. ಆಪರೇಷನ್ ಮುಗಿಯುವವರೆಗೆ ಕಾಯಬೇಡಿ. ಮೊದಲೇ ಪಾಲಿಸಿಯವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ರಜೆ ಎಷ್ಟು ಬೇಕು?

ಕೂತು ಮಾಡುವ ಕೆಲಸಕ್ಕೆ ಮೂರು ನಾಲ್ಕು ವಾರ. ಮಾತಾಡುವ ಕೆಲಸಕ್ಕೆ ಆರು. ನಾನು ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಕೂಡಲೇ ಮಾಡಿಸಿಕೊಂಡು ಬೇಸಿಗೆ ರಜೆ ಪೂರ್ತಿ ಬಳಸಿಕೊಂಡೆ. ನಮ್ಮೂರ ಬಿಸಿಲಿಗೆ ಬಾಯಿ ಬಹಳ ಒಣಗುತ್ತಿತ್ತು, ಅದೊಂದು ಕಷ್ಟ.

ಮನೆಯಲ್ಲಿ ಒಪ್ತಿಲ್ಲ. ‘ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು’ ಅಂತಾರೆ.

ನಮ್ಮ ಅತ್ತೆಯೂ ಇದನ್ನೇ ಅಂದರು. ‘ಮಗಳು ಮದುವೆ ವಯಸ್ಸಿಗೆ ಬಂದಾಳೆ, ನಿನಗ್ಯಾಕಮ್ಮ ಈಗ ಇದೆಲ್ಲ?’ ವಾದ ಮಾಡಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ರೊಟ್ಟಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ತೋರಿಸಿದೆ. ರೊಟ್ಟಿ ತುಂಡಾಗಲಿಲ್ಲ, ಹಲ್ಲಿನ ಗುರುತೂ ಬೀಳಲಿಲ್ಲ. ‘ಅಯ್ಯೋ, ಇಷ್ಟು ವರ್ಷ ಹೇಗೆ ಉಂಡೆ ತಾಯಿ?’ ಅಂದರು. ಮದುವೆಯಾಗಿ 22 ವರ್ಷ ಒಂದೇ ಮನೆಯಲ್ಲಿ ಉಂಡಿದ್ದೇವೆ, ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಗಂಜಿ ಸೋಸಿದ್ದು ಅವರೇ.

ಚೆಂದ ಕಾಣಬೇಕು ಅಂತ ಆಸೆ ಇದ್ದರೂ ತಪ್ಪಿಲ್ಲ. ನನಗೂ ಸ್ವಲ್ಪ ಇತ್ತು. ಆದರೆ ಅದೊಂದೇ ಕಾರಣವಾಗಿದ್ದರೆ, ಮೇಲಿನ ಆರು ವಾರ ಮತ್ತು ತುಟಿಯ ಉತ್ತರ ಇನ್ನೊಮ್ಮೆ ಓದಿ. ಮುಖ ಬದಲಾಗುತ್ತದೆ, ಮೂಗಿನ ಬುಡ ಸ್ವಲ್ಪ ಅಗಲವಾಗಬಹುದು. ಹೇಗೆ ಕಾಣುತ್ತೀರಿ ಅನ್ನುವುದಕ್ಕೆ ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರ ಅಂದಾಜು ಮಾತ್ರ.

ಕ್ಲಿಪ್ ತೆಗೆದ ಮೇಲೆ ಮುಗೀತಾ?

ಇಲ್ಲ. ರಿಟೈನರ್ ಹಾಕಿಕೊಳ್ಳದಿದ್ದರೆ ಹಲ್ಲು ಹಳೇ ಜಾಗಕ್ಕೆ ಹೊರಡುತ್ತದೆ. ಮೊದಲು ಹಗಲು ರಾತ್ರಿ, ಆಮೇಲೆ ರಾತ್ರಿ ಮಾತ್ರ, ಬದುಕಿರುವಷ್ಟು ದಿನ. ನನ್ನಂಥ ಓಪನ್ ಬೈಟ್ ಇದ್ದವರು ನಾಲಿಗೆಯನ್ನೂ ಪಳಗಿಸಬೇಕು. ನುಂಗುವಾಗ ನಾಲಿಗೆ ಮುಂದಿನ ಹಲ್ಲನ್ನು ತಳ್ಳದೆ ಅಂಗುಳಕ್ಕೆ ತಾಗುವ ಹಾಗೆ. ‘ಸ’ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಖಾಲಿ ಕ್ಲಾಸಿನಲ್ಲಿ ನಿಂತು ಮಗ್ಗಿ ಹೇಳಿ ಅಭ್ಯಾಸ ಮಾಡಿದೆ.

ಮೊದಲ ಸಲ ತೋರಿಸೋಕೆ ಹೋಗುವಾಗ ಏನು ತಗೊಂಡು ಹೋಗ್ಲಿ?

ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಯ ಚೀಟಿ, ಹಳೇ ಎಕ್ಸ್‌ರೇ ಇದ್ದರೆ ಅದು, ಇತ್ತೀಚಿನ ಶುಗರ್ ರಿಪೋರ್ಟ್. 20 ವರ್ಷದ ಹಿಂದಿನ ನಗುವ ಫೋಟೊ ಒಂದು, ಹಲ್ಲು ಎಷ್ಟು ಸರಿದಿದೆ ಅಂತ ಅದರಲ್ಲಿ ಕಾಣುತ್ತದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಅರ್ಧ ದಿನ ಹಿಡಿಯುತ್ತದೆ. ಮನೆಯವರು ಯಾರಾದರೂ ಜೊತೆಗೆ ಬರಲಿ, ಡಾಕ್ಟರ್ ಹೇಳಿದ್ದರಲ್ಲಿ ಅರ್ಧ ನಮಗೆ ನೆನಪಿರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಈ ನಾಲ್ಕು ಬರೆದುಕೊಂಡು ಹೋಗಿ: ನನ್ನ ಒಸಡು ಮತ್ತು ಮೂಳೆ ಎಷ್ಟು ಗಟ್ಟಿ ಇವೆ? ಏನೂ ಮಾಡಿಸದಿದ್ದರೆ 10 ವರ್ಷದಲ್ಲಿ ಏನಾಗುತ್ತದೆ? ಆಪರೇಷನ್ ಇಲ್ಲದೆ ಎಷ್ಟು ಸರಿಯಾಗುತ್ತದೆ? ನನ್ನ ವಯಸ್ಸಿನವರಿಗೆ ನೀವು ಮಾಡಿದ ಆಪರೇಷನ್‌ಗಳಲ್ಲಿ ತುಟಿಯ ಸ್ಪರ್ಶ ಹೇಗೆ ವಾಪಸ್ ಬಂದಿದೆ?